ಬಾಡಿಗೆ ಕರಾರಿನ ಕೊನೆಯ ಸಾಲು

ಹುಬ್ಬಳ್ಳಿ, ಕಾವಿನ ಒಂಬತ್ತನೆಯ ವಾರ, ೨೧೦೯

ಪೂಜ್ಯ ಮುತ್ತಜ್ಜಿ ಡಾಕ್ಟರ್ ವಿಶಾಲಾಕ್ಷಿ ಮುಳಗುಂದ ಅವರಿಗೆ ಮರಿಮೊಮ್ಮಗಳು ಶಾಂಭವಿಯ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳುಗಳ ಹೆಸರು ಬಿದ್ದುಹೋಗಿ ನಾವು ವರ್ಷವನ್ನು ಕಾವಿನ ವಾರ, ಮಳೆಯ ವಾರ ಎಂದು ಎಣಿಸುತ್ತೇವೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕೈಬರಹ ಓದಲು ನಾನು ಪಟ್ಟ ಪಾಡಿನ ಮುಂದೆ ಅದೇನೂ ದೊಡ್ಡದಲ್ಲ.

ನಿಮ್ಮ ಡೈರಿ ನನ್ನ ಬಳಿ ಇದೆ. ಅದರಲ್ಲಿ, ನೀವು ಇದನ್ನು ಓದುತ್ತಿರುವ ಗುರುವಾರದ ಕೆಳಗೆ ಇಷ್ಟೇ ಬರೆದಿದ್ದೀರಿ: ಮೂವತ್ತೊಂದು ಪೇಷಂಟ್, ಪಟ್ಟಣಶೆಟ್ಟಿ ಬಂದಿದ್ದರು, ಸಹಿ ಆಯಿತು, ಊಟ ತಡ. ಈ ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ಅದೇ ಗಿರೀಶ ಪಟ್ಟಣಶೆಟ್ಟಿಯವರು ನಿಮ್ಮ ದವಾಖಾನೆಯ ಹೊರಬೆಂಚಿನ ಮೇಲೆ ಫೈಲು ಹಿಡಿದು ಕುಳಿತಿರುತ್ತಾರೆ. ಸಭ್ಯ ಮನುಷ್ಯ, ಒಪ್ಪುತ್ತೇನೆ. ಹೊಸಕಾಂತಿ ವೆಲ್‌ನೆಸ್ ಎಂಬ ಕಂಪನಿಯ ಫ್ರಾಂಚೈಸಿ ತೆಗೆದುಕೊಂಡಿದ್ದಾರೆ. ಚರ್ಮ ಹೊಳೆಯಲಿ, ದಣಿವು ಹೋಗಲಿ ಎಂದು ಡ್ರಿಪ್ ಹಾಕುವ ಅಂಗಡಿ ಅದು. ಸೂಜಿ ಚುಚ್ಚಬೇಕಾದರೆ ಲೈಸೆನ್ಸ್ ಇರುವ ಡಾಕ್ಟರ ಮೇಲ್ವಿಚಾರಣೆ ಬೇಕು, ಅದಕ್ಕೆ ನೀವು ಬೇಕು. ವಾರಕ್ಕೊಮ್ಮೆ ಬಂದು ಹೋದರೆ ಸಾಕು, ಉಳಿದದ್ದೆಲ್ಲ ಫೋನಿನಲ್ಲೇ ಆಗುತ್ತದೆ ಎನ್ನುತ್ತಾರೆ. ನೀವು ಎರಡು ವಾರ ಹೋಗುತ್ತೀರಿ. ಮೂರನೆಯ ವಾರದಿಂದ ಬರೀ ಫೋನು.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ನನ್ನ ತಲೆ ಕೆಡಿಸಿರುವುದು ಕರಾರಿನ ಕೊನೆಯ ಸಾಲು. ಡಾಕ್ಟರ ಜೊತೆಗಿನ ಕರಾರು ಹೇಗಿರಬೇಕೆಂದು ತಿಳಿಯದೆ ಪಟ್ಟಣಶೆಟ್ಟಿಯವರು ಒಬ್ಬ ಬಾಂಡ್ ರೈಟರ್ ಹತ್ತಿರ ಹೋದರು. ಅವನಿಗೂ ತಿಳಿಯದು. ಅಂಗಡಿಯೊಂದರ ಬಾಡಿಗೆ ಕರಾರನ್ನು ಎದುರಿಗಿಟ್ಟುಕೊಂಡು, ಮಾಲೀಕ ಎಂದಿದ್ದಲ್ಲಿ ಡಾಕ್ಟರ್ ಎಂದೂ ಅಂಗಡಿ ಎಂದಿದ್ದಲ್ಲಿ ವೈದ್ಯಕೀಯ ಮೇಲ್ವಿಚಾರಣೆ ಎಂದೂ ಟೈಪ್ ಮಾಡಿ ಕೊಟ್ಟ. ಕೊನೆಯ ಸಾಲನ್ನು ಮಾತ್ರ ಮುಟ್ಟಲಿಲ್ಲ: ಈ ಕರಾರು ಉಭಯ ಪಕ್ಷದವರಿಗೂ ಅವರ ವಾರಸುದಾರರಿಗೂ ಬದ್ಧವಾಗಿರತಕ್ಕದ್ದು. ಮೂವತ್ತೊಂದು ಜನರ ನಾಲಿಗೆ ನೋಡಿದ ನಿಮಗೆ ಆ ಒಂದು ಸಾಲು ನೋಡಲು ಪುರುಸೊತ್ತಾಗಲಿಲ್ಲ.

ನೀವು ತೀರಿಕೊಂಡ ಮೇಲೆ ಪಟ್ಟಣಶೆಟ್ಟಿಯವರ ಮಕ್ಕಳು ಆ ಸಾಲು ಹಿಡಿದು ಕೋರ್ಟಿಗೆ ಹೋದರು. ಬರೆದದ್ದು ಬರೆದ ಹಾಗೆ ನಡೆಯಲಿ ಎಂದಿತು ಕೋರ್ಟು. ಅಲ್ಲಿಂದ ನಮ್ಮ ಮನೆಯಲ್ಲಿ ಡಾಕ್ಟರಿಕೆ ಹೊಲದ ಹಾಗೆ ಪಾಲಿಗೆ ಬರುತ್ತಿದೆ. ನಮ್ಮಂಥವರನ್ನು ಸಹಿಬಾಧ್ಯರು ಎನ್ನುತ್ತಾರೆ, ಹಿರಿಯರ ಸಹಿಗೆ ಕಟ್ಟುಬಿದ್ದವರು ಎಂದು. ಭೂಗೋಳ ಕಲಿಸುತ್ತಿದ್ದ ಅಜ್ಜಿ ಬಾಧ್ಯಳಾದಳು, ಆಮೇಲೆ ಅವ್ವ. ಅಷ್ಟರಲ್ಲಿ ಪಟ್ಟಣಶೆಟ್ಟಿಯವರ ಒಂದು ಅಂಗಡಿ ಊರೂರಿಗೆ ಹಬ್ಬಿ, ಕೂದಲು ತೆಗೆಯುವ ಕೇಂದ್ರಗಳೂ ಅದರ ಜೊತೆ ಸೇರಿಕೊಂಡಿದ್ದವು. ಅಜ್ಜಿಯ ಪಾಲು ಹಂಚುವಾಗ ನನ್ನ ಸೋದರಮಾವ ಜಗಳವಾಡಿ ಕೂದಲು ತೆಗೆಯುವ ಕೇಂದ್ರಗಳನ್ನೆಲ್ಲ ತಾನಿಟ್ಟುಕೊಂಡು, ಡ್ರಿಪ್ ಹಾಕುವ ದ್ರವಮನೆಗಳನ್ನು ಅವ್ವನ ತಲೆಗೆ ಕಟ್ಟಿದ. ಈಗ ಗದಗಿನಿಂದ ಕೊಪ್ಪಳದವರೆಗೆ ನಲವತ್ತು ದ್ರವಮನೆಗಳಿಗೆ ನಾನೇ ಡಾಕ್ಟರು. ನನ್ನ ಕಸುಬು ತಾರಸಿ ಮೇಲಿನ ತಂಪುಯಂತ್ರಗಳ ರಿಪೇರಿ. ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಏಣಿ ಹತ್ತಿದೆನೋ ಇಲ್ಲವೋ, ಕಿವಿಗುಂಡಿ ಕೊರೆಯಲು ಶುರು. ಕಿವಿಯೊಳಗೇ ಕೂರುವ ನಮ್ಮ ಫೋನಿಗೆ ಆ ಹೆಸರು. ಸಕ್ಕರೆ ಕಾಯಿಲೆಯವರಿಗೆ ಹಾಕಬಹುದೇ, ಬಸುರಿಗೆ ಹಾಕಬಹುದೇ ಎಂದು ದ್ರವಮನೆಯವರು ಕೇಳುತ್ತಾರೆ. ಹೂಂ ಎಂದರೆ ಕಾನೂನಿಗೆ ತೃಪ್ತಿ. ಉಹೂಂ ಎಂದರೆ ಕಾರಣ ಬರೆದು ಕೊಡಿ ಎನ್ನುತ್ತಾರೆ, ಆ ಕಾರಣ ನನಗೆಲ್ಲಿ ಗೊತ್ತು? ಇದು ನನಗೆ ಬೇಡ ಎಂದು ಕೋರ್ಟಿಗೆ ಅರ್ಜಿಯನ್ನೂ ಹಾಕಿದೆ. ಮೂಲ ಸಹಿದಾರರ ಒಪ್ಪಿಗೆ ತನ್ನಿ ಎಂದು ವಾಪಸು ಕಳಿಸಿದರು. ಈ ಕಾಗದ ಅದಕ್ಕೇ.

ಹೋದ ವಾರ ಮುಂಡರಗಿಯ ದ್ರವಮನೆಯಿಂದ ನೀಲವ್ವ ಎಂಬ ಹೆಂಗಸು, ಸೂಜಿ ಇನ್ನೂ ಕೈಯಲ್ಲಿದ್ದಾಗಲೇ, ನೇರ ನನ್ನ ಜೊತೆ ಮಾತಾಡಿದಳು.

"ಬಾಯಾರ, ಎದಿ ಹಿಡದಂಗ ಆಗಾಕತ್ತೈತ್ರಿ, ಉಸಿರ ಬರವಲ್ದು. ಏನ್ ಮಾಡ್ಲಿ ಹೇಳ್ರಿ."

ನೀರು ಕುಡಿ ಎಂದೆ. ಮುತ್ತಜ್ಜಿ, ನನಗೆ ತೋಚಿದ್ದು ಅದೊಂದೇ. ಪಕ್ಕದ ಕುರ್ಚಿಯಲ್ಲಿದ್ದ ಅವಳ ತಂಗಿ ಗಲಾಟೆ ಮಾಡಿ ಡ್ರಿಪ್ ನಿಲ್ಲಿಸಿ, ಸರ್ಕಾರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದಕ್ಕೆ ನೀಲವ್ವ ಬದುಕಿದಳು. ಮೊನ್ನೆ ಅವಳು ಪೇಢೆಯ ಪೊಟ್ಟಣ ಹಿಡಿದು ನಮ್ಮ ಮನೆ ಹುಡುಕಿಕೊಂಡು ಬಂದಳು. ಡಾಕ್ಟರ್ ಬಾಯಾರಿಂದ ಜೀವ ಉಳಿಯಿತು ಎಂದು ನನ್ನ ಕಾಲಿಗೆ ಬಿದ್ದಳು. ನನಗೆ ನಾಚಿಕೆಯಾಯಿತು. ಮಗಳು ಗೌತಮಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಪೇಢೆ ಇನ್ನೂ ಹಾಗೇ ಇದೆ.

ಮುಂದಿನ ವಾರ ಗೌತಮಿಗೆ ಇಪ್ಪತ್ತೊಂದು ತುಂಬುತ್ತದೆ. ಬಾಧ್ಯರ ಮಕ್ಕಳು ಆ ವಯಸ್ಸಿಗೇ ಪಾಲು ಹೊರಬೇಕೆಂಬುದು ಈಗಿನ ಕಾನೂನು, ಹಾಗಾಗಿ ಆ ದಿನವೇ ನನ್ನ ನಲವತ್ತರಲ್ಲಿ ಹದಿಮೂರು ದ್ರವಮನೆಗಳು ಅವಳ ಹೆಸರಿಗೆ ಬೀಳುತ್ತವೆ. ನೀಲವ್ವ ಹೋದ ಮೇಲೆ ಹುಡುಗಿ ನನ್ನನ್ನು ಒಂದೇ ಮಾತು ಕೇಳಿದಳು.

"ನನಗ ಯಾರರ ಹಂಗ ಕೇಳಿದ್ರ ನಾ ಏನ್ ಹೇಳ್ಲಿ, ಅವ್ವಾ?"

ಅವತ್ತಿನಿಂದ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ನನಗೆ ಭಯವಾಗಿದೆ, ನಿಮ್ಮ ಮೇಲೆ ಸಿಟ್ಟೂ ಬಂದಿದೆ. ಹಿರಿಯರಿಗೆ ಹೀಗೆ ಬರೆಯಬಾರದು, ಆದರೂ ಬರೆದಿದ್ದೇನೆ.

ಪೆನ್ನಿನ ಮುಚ್ಚಳ ತೆಗೆಯುವ ಮುಂಚೆ ಆ ಕೊನೆಯ ಸಾಲನ್ನು ಹೊಡೆದುಹಾಕಿ. ಪಟ್ಟಣಶೆಟ್ಟಿಯವರು ಬೇಸರ ಮಾಡಿಕೊಳ್ಳುವುದಿಲ್ಲ, ಅವರೂ ಅದನ್ನು ಓದಿಲ್ಲ. ನೀವಿರುವ ತನಕ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ, ಸೂಜಿ ಚುಚ್ಚಿಸಿಕೊಳ್ಳುವವರ ಮುಖ ನೋಡಿ ಬನ್ನಿ. ಊಟಕ್ಕೆ ತಡವಾಯಿತು, ಇಂಥ ಕಾಗದವನ್ನೆಲ್ಲ ಯಾರು ನಂಬುತ್ತಾರೆ ಎನ್ನಿಸಿ ಸಹಿ ಮಾಡಿಯೇ ಬಿಡುವುದಾದರೆ, ಕರಾರಿನ ಹಿಂಬದಿಯಲ್ಲಿ ಒಂದು ಮಾತು ಬರೆದಿಡಿ: ಡ್ರಿಪ್ ಹಾಕಿಸಿಕೊಂಡವಳು ಎದೆ ಹಿಡಿದಂತಾಗುತ್ತಿದೆ ಎಂದರೆ ಮೊದಲು ಏನು ಮಾಡಬೇಕು. ನಿಮಗದು ಗೊತ್ತಿತ್ತು. ನಿಮ್ಮ ನಂತರ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಕ್ಷರ ಬಿಡಿಸಿ ಬರೆಯಿರಿ, ನಿಮ್ಮ ಕೈಬರಹ ಗೌತಮಿಗೆ ಓದಲು ಬರುವುದಿಲ್ಲ.

ಶಾಂಭವಿ