ಗಡಿಯ ಹೆಸರು ಪೇಟೆಯ ಪಾಲಾದದ್ದು

ಹೆಸರು ಹಂಚುವ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಕಟ್ಟಕಡೆಗೆ, ವೇಲ್ಸಿನ ಬೇಲಿಗೆ ಅಂಟಿಕೊಂಡಿರುವ ಬ್ರಿನ್‌ಹೋಪ್‌ನಲ್ಲಿ ನಾನು ಮಾಡುವ ಕುರಿಹಾಲಿನ ಚೀಸ್‌ಗೆ 'ಮಾರ್ಚಸ್' ಎಂಬ ಹೆಸರು ಹಾಕಬಾರದೆಂದು ತಾವು ತಡೆದಿರಿ. ಅದೇ ಹೆಸರನ್ನು ಗಡಿಯಿಂದ ಒಂದು ಬಸ್ಸಿನ ಹಾದಿಯಷ್ಟು ಒಳಗಿರುವ ಹ್ಯಾಲ್ಸ್‌ಬರಿ ಪೇಟೆಯಲ್ಲಿ ಅಂಗಡಿ ಇಟ್ಟ ನನ್ನ ತಂಗಿ ಮೆರಿಯಲ್‌ಗೆ ಚಿನ್ನದಕ್ಷರದ ಬೋರ್ಡಿನ ಸಮೇತ ದಯಪಾಲಿಸಿದಿರಿ.

ಆ ಹೆಸರಿನ ಅರ್ಥ ತಮಗೆ ಗೊತ್ತೇ? ಹಳೆಯ ಇಂಗ್ಲಿಷರ ಬಾಯಲ್ಲಿ ಅದರ ಮೂಲಪದಕ್ಕೆ ಅಂಚು, ಎಲ್ಲೆ ಎಂದರ್ಥ. ಡೆನ್ಮಾರ್ಕಿನ ಹೆಸರಿನ ಬಾಲದಲ್ಲಿರುವ 'ಮಾರ್ಕ್' ಕೂಡ ಅದರ ದಾಯಾದಿಯೇ. ಇಂಗ್ಲೆಂಡನ್ನು ಗೆದ್ದ ನಾರ್ಮನ್ ರಾಜರು ವೇಲ್ಸಿನವರನ್ನು ತಡೆಯಲು ಈ ಅಂಚಿನುದ್ದಕ್ಕೂ ಪಾಳೆಯಗಾರರನ್ನು ಕೂರಿಸಿದರು. ಅವರು ತಮ್ಮದೇ ಕಾನೂನು ನಡೆಸಿದರು, ರಾಜನ ಅಪ್ಪಣೆಗೂ ಸೊಪ್ಪು ಹಾಕಲಿಲ್ಲ. ಮುಂದೆ ಅವರೂ ಅಳಿದರು, ಕೋಟೆಗಳಲ್ಲಿ ಕುರಿ ಮೇಯ್ದವು, ಹೆಸರು ಮಾತ್ರ ನಮ್ಮ ಮೈಗಂಟಿ ಉಳಿಯಿತು. ಅಂಥ ಹೆಸರಿಗೆ ತಾವು ಒಂದು ನಡುಮಧ್ಯವನ್ನು ಕಂಡುಹಿಡಿದಿದ್ದೀರಿ! ಬ್ರೆಡ್ಡಿನ ಅಂಚನ್ನು ಬ್ರೆಡ್ಡಿನ ನಡುವೆ ಹುಡುಕುವವರನ್ನು ನಾನು ಇದುವರೆಗೆ ನೋಡಿರಲಿಲ್ಲ. ತಾವೇ ಒಮ್ಮೆ ನಮ್ಮ ಗೇಟಿನವರೆಗೆ ಬಂದು, ಕೆಸರಿಗೆ ಹೆದರಿ ಕಾರಿನಿಂದ ಇಳಿಯದೆ, "ನಿಮ್ಮೂರು ತೀರಾ ಅಂಚಿಗಾಯ್ತಲ್ಲ ಮೇಡಂ" ಎಂದಿರಿ. ಗಡಿಯಾಗಲು ಇನ್ನೆಲ್ಲಿರಬೇಕಿತ್ತು ನಾವು?

ನಾವಿಬ್ಬರೂ ಓದಿದ್ದು ಹ್ಯಾಲ್ಸ್‌ಬರಿ ಶಾಲೆಯಲ್ಲಿ. ಗಡಿಯವರೆಲ್ಲ ಕುರಿಗಳ್ಳರು ಎಂದು ಅಲ್ಲಿನ ಮಕ್ಕಳು ಆಡಿಕೊಳ್ಳುತ್ತಿದ್ದರು. ವೇಲ್ಸಿನ ಸಂತೆಗೆ ಹೋದರೆ ಅಲ್ಲಿ ನಾವು ಇಂಗ್ಲಿಷರು. ಮೆರಿಯಲ್ ಜಾಣೆ. ಪೇಟೆಯ ಸೋದರತ್ತೆಯ ಮನೆಯೇ ತನ್ನ ಮನೆ ಎಂದು ಹೇಳಿಕೊಂಡು ಪಾರಾದಳು, ಶಾಲೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿರಲಿಲ್ಲ. ವಸಂತದಲ್ಲಿ ಊರವರೆಲ್ಲ ಸೇರಿ ಎಲ್ಲೆ ಸುತ್ತುವಾಗ, ಜಾಗ ಮರೆಯದಿರಲೆಂದು ಮಕ್ಕಳನ್ನು ಎತ್ತಿ ಗಡಿಕಲ್ಲಿನ ಮೇಲೆ ಕುಕ್ಕುವ ಪದ್ಧತಿ ನಮ್ಮಲ್ಲಿದೆ. ಆ ದಿನ ಅವಳಿಗೆ ಪ್ರತಿವರ್ಷ ಹೊಟ್ಟೆನೋವು. ಅವಳ ಪಾಲಿನ ಕುಕ್ಕೂ ನನಗೇ ಬೀಳುತ್ತಿತ್ತು.

ಕಳೆದ ವಾರ ಅವಳ ಅಂಗಡಿಗೆ ಹೋಗಿದ್ದೆ. ಚೀಸಿನ ಚೀಟಿಯ ಮೇಲೆ ನಮ್ಮ ಮನೆಯ ಹಿಂದಿನ ಗುಡ್ಡದ ಚಿತ್ರ. ಗಿರಾಕಿಗಳೆದುರೇ ನನ್ನ ಕೈಗೊಂದು ಚೂರು ಇಟ್ಟು, "ಬಾರೇ ಅಕ್ಕಾ, ಮಾರ್ಚಸ್ ಚೀಸ್ ಅಂದ್ರೆ ಹೆಂಗಿರುತ್ತೆ ಅಂತ ರುಚಿ ನೋಡು" ಎಂದಳು.

"ಈ ಹೆಸರು ನಿಂಗೆಲ್ಲಿಂದ ಬಂತೇ?" ಎಂದೆ.

"ನಾನೂ ಗಡಿಯವಳೇ ಅಲ್ವಾ?"

ಶಾಲೆಯ ಬಸ್ಸಿನಲ್ಲಿ ಈ ಮಾತನ್ನು ಒಂದು ಸಲ ಹೇಳಿದ್ದರೆ ನನಗೆ ಸಾಕಿತ್ತು. ಚೀಸ್ ಚೆನ್ನಾಗಿಯೇ ಇತ್ತು, ಅದನ್ನಂತೂ ಸಹಿಸಲಾಗಲಿಲ್ಲ.

ಆದ್ದರಿಂದ ನನ್ನ ಒತ್ತಾಯವಿಷ್ಟು: ಆ ಹೆಸರನ್ನು ಬ್ರಿನ್‌ಹೋಪ್‌ಗೂ ಕೊಡಿ. ಆಗದಿದ್ದರೆ ಅವಳ ಬೋರ್ಡನ್ನಾದರೂ ಇಳಿಸಿ. ನನಗೂ ಇಲ್ಲ, ಅವಳಿಗೂ ಇಲ್ಲ ಎಂದಾದರೆ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ಅದೂ ಆಗದಿದ್ದರೆ, ಆ ಚಿನ್ನದಕ್ಷರಗಳ ಕೆಳಗೆ ಒಂದು ಸಾಲು ಸೇರಿಸಲು ಅವಳಿಗೆ ಆಜ್ಞೆ ಮಾಡಿ. ಸಣ್ಣಕ್ಷರವಾದರೂ ಚಿಂತೆಯಿಲ್ಲ: 'ಬ್ರಿನ್‌ಹೋಪಿನ ಎನಿಡ್‌ಳ ತಂಗಿ.'

ಇಂತಿ,
ಗಡಿಯಿಂದಲೂ ಆಚೆಗೆ ತಳ್ಳಿಸಿಕೊಂಡ
ಎನಿಡ್ ಪ್ರೋಬರ್ಟ್