ಅಗಸಿಯ ಬಡಿತ

ಕಲಬುರ್ಗಿ, ಗಾಜಿಪುರ
ಮಾಘ ಬಹುಳ ಪಂಚಮಿ, ಫಸಲಿ ೧೩೩೭

ಪ್ರೀತಿಯ ಅಣ್ಣ ಅಂಬಣ್ಣನಿಗೆ, ತಮ್ಮ ತುಕಾರಾಮ ಮಾಡುವ ಶರಣು.

ಹೇಗಿದ್ದೀಯ? ಮೊದಲು ಅದನ್ನು ಹೇಳು. ಮಿಲ್ಲಿನ ಹತ್ತಿಧೂಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ದೀಪಾವಳಿಗೆ ಬಂದ ಕಾಗದದಲ್ಲಿ ಎಂಟು ದಿನಕ್ಕೆ ಮತ್ತೆ ಬರೆಯುತ್ತೇನೆ ಅಂದಿದ್ದೆ. ಆಮೇಲೆ ನಾನು ಮೂರು ಕಾಗದ ಹಾಕಿದ್ದೇನೆ, ಒಂದಕ್ಕೂ ಉತ್ತರವಿಲ್ಲ. ಸೊಲ್ಲಾಪುರದ ಚಾಳುಗಳಲ್ಲಿ ಜ್ವರ ಎದ್ದಿದೆ ಎಂದು ಸ್ಟೇಷನ್ನಿನ ಹಮಾಲರು ಮಾತಾಡಿಕೊಳ್ಳುತ್ತಾರೆ. ಅವರು ಕಡ್ಡಿಯನ್ನು ಗುಡ್ಡ ಮಾಡುವ ಜನ, ನಾನು ಕಿವಿಗೆ ಹಾಕಿಕೊಂಡಿಲ್ಲ. ನೀನಂತೂ ಬರೆಯುವುದರಲ್ಲಿ ಹುಟ್ಟು ಸೋಮಾರಿ. ಮಿಶನ್ ಶಾಲೆಯಲ್ಲಿ ನಿನ್ನ ಪಾಟಿಯನ್ನೂ ನಾನೇ ತುಂಬಿಸಿ ಕೊಡುತ್ತಿದ್ದೆ, ಮರೆತಿಲ್ಲ.

ನನ್ನ ಸುದ್ದಿ ಕೇಳು. ಸಂಕ್ರಮಣದಿಂದ ನಾನು ಬಯಾಸ್ಕೋಪಿನಲ್ಲಿ ಬಾರಿಸುತ್ತಿದ್ದೇನೆ. ನಗಬೇಡ. ಗಂಜ್ ಬಜಾರಿನ ಹಿಂದಿನ ಬಯಲಲ್ಲಿ ಮಂಜೂರ್ ಸಾಹೇಬರು ತಂಬು ಹಾಕಿದ್ದಾರೆ. ಪರದೆಯ ಮೇಲೆ ಜನ ಓಡುತ್ತಾರೆ, ಅಳುತ್ತಾರೆ, ಬಾಯಿ ಆಡಿಸುತ್ತಾರೆ, ಆದರೆ ಸದ್ದಿಲ್ಲ. ಸದ್ದೆಲ್ಲ ನಮ್ಮದು. ಪರದೆಯ ಬುಡದಲ್ಲಿ ನೀಲಕಂಠ ಮಾಸ್ತರರು ಹಾರ್ಮೋನಿಯಂ ಪೇಟಿ ಇಟ್ಟುಕೊಂಡು ಕೂಡುತ್ತಾರೆ. ಅವರ ಚಾಪೆಯಿಂದ ಒಂದು ಮಾರು ದೂರ ಗೋಣಿಚೀಲದ ಮೇಲೆ ನಾನು, ಒಂದು ಢೋಲಕಿ, ಅಪ್ಪನ ಹಲಗಿ. ಮಾಸ್ತರರು ಒಳ್ಳೆಯವರು, ಬೈದರೂ ಪಾಠ ಹೇಳಿಕೊಟ್ಟೇ ಬೈಯುತ್ತಾರೆ. ಆದರೆ ಅವರ ಪೇಟಿಗೆ ದಣಿವೆಂಬುದಿಲ್ಲ. ಪರದೆಯ ಮೇಲೆ ಮದುವೆಯಾದರೂ ಪೇಟಿ, ಮನೆ ಸುಟ್ಟರೂ ಪೇಟಿ. ಅವರ ಹಿಂದೆ ಢೋಲಕಿ ತಟ್ಟಿ ತಟ್ಟಿ ನನ್ನ ಬೆರಳು ಊದಿಕೊಂಡಿವೆ.

ಈಗ ನಡೆಯುತ್ತಿರುವ ಚಿತ್ರದಲ್ಲಿ ಒಬ್ಬ ಬೆಸ್ತ ಹೊಳೆಗೆ ಹೋದವನು ತಿರುಗಿ ಬರುವುದಿಲ್ಲ. ಹೆಣವೂ ಸಿಗುವುದಿಲ್ಲ. ಹೆಂಡತಿ ದಂಡೆಯ ಮೇಲೆ ನಿಂತು ನೀರು ನೋಡುತ್ತಾಳೆ. ಬಹಳ ಹೊತ್ತು, ನೋಡುತ್ತಲೇ ಇರುತ್ತಾಳೆ. ಮಾಸ್ತರರು ಅಲ್ಲಿ ಪೇಟಿಯನ್ನು ಹಿಗ್ಗಾಮುಗ್ಗಾ ಅಳಿಸುತ್ತಿದ್ದರು, ಜನ ಶೇಂಗಾ ಒಡೆಯುತ್ತ ನೋಡುತ್ತಿದ್ದರು. ಒಂದು ದಿನ ಅವರಿಗೆ ಹೊಟ್ಟೆನೋವು ಬಂದು ಮನೆಯಲ್ಲೇ ಉಳಿದರು, ನಾನೊಬ್ಬನೇ ಕೂತೆ. ಆ ಹೆಂಗಸು ದಂಡೆಗೆ ಬಂದಳು. ನನಗೆ ರಾಗ ಗೊತ್ತಿಲ್ಲ, ಆ ಮುಖದ ಮೇಲೆ ಢೋಲಕಿ ಕುಣಿಸಲು ಮನಸ್ಸೂ ಬರಲಿಲ್ಲ. ಕೈ ತಾನಾಗಿ ಹಲಗಿಗೆ ಹೋಯಿತು. ಒಂದು ಪೆಟ್ಟು ಹಾಕಿದೆ. ಉಸಿರು ಹಿಡಿದು ಏಳು ಎಣಿಸಿದೆ. ಮತ್ತೆ ಒಂದು ಪೆಟ್ಟು.

ಅಣ್ಣ, ಯಾವ ಬಡಿತ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ದೂರದೂರಲ್ಲಿ ಸತ್ತು, ಹೆಣ ಊರು ಸೇರದಿದ್ದಾಗ ನಮ್ಮ ಕಮಲಾಪುರದ ಊರಬಾಗಿಲ ಅಗಸಿಯಲ್ಲಿ ನಿಂತು ಬಾರಿಸುವುದು ಅದೊಂದನ್ನೇ. ಬಾರಿಸಬೇಕಾದವನು ಸತ್ತವನ ಒಡಹುಟ್ಟಿದವನು. ಅಪ್ಪ ನಮ್ಮಿಬ್ಬರಿಗೂ ಕಲಿಸಿದಾಗ ಏನು ಹೇಳಿದ್ದ ನೆನಪಿದೆಯೇ? "ನಡುವ ಖಾಲಿ ಬಿಡ್ರಿ. ಆ ಖಾಲಿದಾಗ ಅಂವ ನಡದು ಊರಿಗಿ ಬರ್ತಾನ." ಆಟಕ್ಕೂ ಬಾರಿಸಬೇಡಿ ಎಂದು ಕಿವಿಯನ್ನೂ ಹಿಂಡಿದ್ದ.

ತಂಬಿನಲ್ಲಿ ಶೇಂಗಾ ಒಡೆಯುವ ಸದ್ದು ನಿಂತಿತು. ಹಿಂದೆ ಇಮಾಮುದ್ದೀನ್ ತಿರುಗಿಸುವ ಮಷೀನಿನ ಕಿರಕಿರ ಮಾತ್ರ ಕೇಳುತ್ತಿತ್ತು. ಆಮೇಲೆ ಹೆಂಗಸರ ಕಡೆಯಿಂದ ಒಬ್ಬಳು ಬಿಕ್ಕಿದಳು, ನಂತರ ಹತ್ತು ಜನ. ಆಟ ಮುಗಿದ ಮೇಲೆ ಮಂಜೂರ್ ಸಾಹೇಬರು ನನ್ನ ಹೆಗಲು ಹಿಡಿದು "ಐಸಾಚ್ ಬಜಾ, ಜಾಸ್ತಿ ನಕ್ಕೊ" ಅಂದರು, ಹೀಗೇ ಬಾರಿಸು, ಹೆಚ್ಚಿಗೆ ಬೇಡ ಎಂದು. ಮರುದಿನ ತಂಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಸ್ತರರು ಎದ್ದು ಬಂದು ಕೇಳಿಸಿಕೊಂಡರು, ಅವರ ಮುಖ ಕಪ್ಪಿಟ್ಟಿತು. "ಮಂದಿ ಕತ್ತಲದಾಗ ಕುಂತಿರ್ತಾರ ತುಕಾರಾಮಾ, ಅವರಿಗಿ ಏನರೆ ಹೊದಸಬೇಕು. ನಾ ಪೇಟಿ ಬಾರ್ಸಿ ಹೊದಸ್ತೀನಿ. ನೀ ಇದ್ದ ಅರಿಬಿನೂ ಕಸಗೊಂಡಿ" ಅಂದರು. ಹೊಟ್ಟೆಕಿಚ್ಚು ಎಂದುಕೊಂಡೆ. ಪೇಟಿ ಬಾರಿಸಿದರೆ ಜನ ಆ ಬೆಸ್ತರವಳ ದುಃಖ ನೋಡುತ್ತಾರೆ, ಖಾಲಿ ಬಿಟ್ಟರೆ ತಮ್ಮ ತಮ್ಮ ಭಯವನ್ನೇ ತಂದು ಅಲ್ಲಿ ಸುರಿಯುತ್ತಾರೆ. ಚಿತ್ರಕ್ಕೆ ಅದೇ ಸರಿ ಎಂದು ಇವತ್ತಿಗೂ ಹೇಳುತ್ತೇನೆ. ಮೊದಲ ದಿನ ಕೈ ತಪ್ಪಿ ಬಾರಿಸಿದೆ, ಉಳಿದ ಆರು ದಿನ ಗೊತ್ತಿದ್ದೇ ಬಾರಿಸಿದೆ. ಹೊಗಳಿಕೆಯ ರುಚಿ ಹತ್ತಿತ್ತು, ಸುಳ್ಳೇಕೆ ಹೇಳಲಿ.

ಏಳನೆಯ ದಿನ ನಮ್ಮ ಓಣಿಯ ಬಂಡೆಮ್ಮತ್ತೆ ಕೆಂಪು ಬಾಳೆಗೊನೆ ಮಾರಲು ಕಲಬುರ್ಗಿಗೆ ಬಂದವಳು ಬಯಾಸ್ಕೋಪಿಗೂ ಬಂದಿದ್ದಳು. ನಾನು ನೋಡಲೇ ಇಲ್ಲ. ಬಡಿತ ಕೇಳಿದ್ದಾಳೆ, ನನ್ನ ಮುಖ ನೋಡಿದ್ದಾಳೆ, ಎದ್ದು ಹೋಗಿದ್ದಾಳೆ. ಬೆಳಗಿನ ಬಂಡಿಗೆ ಕಮಲಾಪುರ ಸೇರಿ ಅವ್ವನ ಮುಂದೆ ಕೂತು ಅತ್ತಿದ್ದಾಳೆ. ತುಕಾರಾಮ ಅಗಸಿಯ ಬಡಿತ ಬಾರಿಸುತ್ತಿದ್ದಾನೆ ಎಂದ ಮೇಲೆ ಮುಗಿಯಿತು, ದೂರದೂರಿನಲ್ಲಿರುವ ನನ್ನ ಒಡಹುಟ್ಟಿದವನು ಇನ್ನಾರು? ಸುದ್ದಿ ಬಂದಿದೆ, ನಮಗೆ ಹೇಳುವ ಧೈರ್ಯವಿಲ್ಲದೆ ಪಟ್ಟಣದಲ್ಲೇ ಬಾರಿಸಿ ಮುಗಿಸಿದ್ದಾನೆ ಎಂದು ಓಣಿಯೆಲ್ಲ ತೀರ್ಮಾನಿಸಿತು.

ಇದು ತಿಳಿದು ಊರಿಗೆ ಓಡಿದೆ. ಒಲೆ ಹೊತ್ತಿರಲಿಲ್ಲ, ಬಾಗಿಲಲ್ಲಿ ಜನ ನೆರೆದಿದ್ದರು. ಅದು ಬರೀ ಚಿತ್ರಕ್ಕಾಗಿ ಬಾರಿಸಿದ್ದು ಎಂದು ಹೇಳಿದೆ, ಆಣೆ ಇಟ್ಟೆ. ಅವ್ವ ನನ್ನ ಗದ್ದ ಹಿಡಿದು, "ಬಟ್ಟಿ ಮ್ಯಾಲಿನ ಗೊಂಬಿಗಿ ಯಾರರೆ ಅದನ್ನ ಬಾರಸ್ತಾರೇನೋ? ನನ್ನ ಮುಂದ ಮುಚ್ಚಿಡಬ್ಯಾಡೋ ಮಗನ" ಅಂದಳು. ಹೇಳಿದಷ್ಟೂ ಮುಚ್ಚಿಡುತ್ತಿದ್ದೇನೆ ಎಂದೇ ತಿಳಿದಳು. ಹಣಮಮ್ಮ ಅತ್ತಿಗೆ ಅಳಲಿಲ್ಲ. ಹೊಸ್ತಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: "ಅವರ ಕಾಗದ ಕಡೀಕ ಯಾವಾಗ ಬಂದಿತ್ತು?" ದೀಪಾವಳಿಗೆ ಎಂದೆ. ಅವಳು ಬೆರಳು ಮಡಿಸಿ ತಿಂಗಳು ಎಣಿಸಿ ಒಳಗೆ ಹೋದಳು. ನಿನ್ನೆ ಆಟದಲ್ಲಿ ಮಾಸ್ತರರಿಗೇ ಪೇಟಿ ಬಾರಿಸಿ ಎಂದು ಕೈ ಮುಗಿದೆ. ಅವರು ತಮ್ಮ ಚಾಪೆ ನನ್ನ ಗೋಣಿಚೀಲದ ಪಕ್ಕಕ್ಕೇ ಎಳೆದುಕೊಂಡು ಬಾರಿಸಿದರು. ಜನ ಮತ್ತೆ ಶೇಂಗಾ ಒಡೆದರು, ಸಾಹೇಬರು ಮುಖ ತಿರುಗಿಸಿದ್ದಾರೆ. ನನಗೆ ಮಾತ್ರ ಪೇಟಿಯ ಸದ್ದಿನಲ್ಲೂ ಆ ಏಳರ ಎಣಿಕೆ ನಿಲ್ಲುತ್ತಿಲ್ಲ, ಅಣ್ಣ. ನನಗೆ ಹೆದರಿಕೆಯಾಗಿದೆ.

ಅವ್ವನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ನಿನ್ನ ಖೋಲಿಯ ಜೊತೆಗಾರರಿಗೆಲ್ಲ ನನ್ನ ಶರಣು ಹೇಳು. ಮೈ ಬೆಚ್ಚಗೆ ಇಟ್ಟುಕೋ.

ನಿನ್ನ ತಮ್ಮ,
ತುಕಾರಾಮ

ತಾ.ಕ.: ರೀಲು ತರಲು ಸೊಲ್ಲಾಪುರಕ್ಕೆ ಹೊರಟ ಇಮಾಮುದ್ದೀನ್ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ, ಕಾಗದ ಇವನ ಕೈಯಲ್ಲೇ ಕಳಿಸಬೇಕು, ಅವಸರದಲ್ಲಿ ಬರೆಯುತ್ತಿದ್ದೇನೆ. ಶಿವರಾತ್ರಿ ಅಮಾವಾಸ್ಯೆಯ ತನಕ ಕಾಯುತ್ತೇವೆ, ಆಮೇಲೆ ಅತ್ತಿಗೆಯ ಬಳೆ ಒಡೆಸುತ್ತೇವೆ ಎಂದು ಹಿರಿಯರು ಹೇಳಿದ್ದಾರೆ. ಅಗಸಿಯಲ್ಲಿ ನಾನು ಬಾರಿಸಬೇಕಂತೆ. ನೀನು ಇದ್ದರೆ ಇವನ ಜೊತೆಯಲ್ಲೇ ಗಾಡಿ ಹತ್ತು. ಇದನ್ನು ಒಡೆದು ಓದುತ್ತಿರುವವರು ಅಂಬಣ್ಣ ಅಲ್ಲದಿದ್ದರೆ, ನೀವು ಯಾರೇ ಆಗಿರಿ ಪುಣ್ಯಾತ್ಮರೇ, ಒಂದು ಚೀಟಿಯಲ್ಲಿ ತಿಥಿ ಮಾತ್ರ ಬರೆದು ಇವನ ಕೈಗೆ ಕೊಡಿ. ಹೇಗಾಯಿತು ಎಂದು ಬರೆಯಬೇಡಿ. ಅವ್ವನಿಗೆ ಓದು ಬರುವುದಿಲ್ಲ, ಅದನ್ನು ನಾನೇ ಓದಿ ಹೇಳಬೇಕಾಗುತ್ತದೆ.