ಉಡಿಯೊಳಗಿನ ಜರಿಗಿಡ

೪ ಆಗಸ್ಟ್ ೧೯೮೩, ಬೆಳಿಗ್ಗೆ ೭
ಬನಹಟ್ಟಿ ಕಾಲೇಜಿಗೆ ಸಸ್ಯಶಾಸ್ತ್ರದ ಪಾಠಕ್ಕೆ ಹೋಗುವ ಮುನ್ನ ಮತ್ತೆ ಹಳೇ ಬಾವಿಗೆ. ಮೆಟ್ಟಿಲ ಸಂದಿಯಲ್ಲಿ ಜರಿಗಿಡ ಒಟ್ಟು ಹನ್ನೊಂದು. ಈ ಸೀಮೆಯಲ್ಲಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ನೀರಿಗೆ ಬರುವ ಹೆಂಗಸರು ಕೆರೆದು ಎಸೆಯುತ್ತಾರೆ — ಮೆಟ್ಟಿಲು ಜಾರುತ್ತದಂತೆ. ಕಂಡರೆ ಮೈಯೆಲ್ಲ ಉರಿ.

೬ ಆಗಸ್ಟ್
ಉಪಾಯ ಮಾಡಿದೆ. ಆಸ್ಟ್ರೇಲಿಯಾದ ಸಣ್ಣ ಕಾಂಗರೂ, ಮೊಲದಷ್ಟು. ಅದರ ಚಿತ್ರ ಒಯ್ದು ತೋರಿಸಿದೆ. ಹೊಟ್ಟೆಯ ಚೀಲದಲ್ಲಿ ಮರಿ. ಮುದುಕಿ ಅನಸವ್ವ ಕೆನ್ನೆಗೆ ಕೈ ಹಚ್ಚಿದಳು. “ಉಡಿಯಾಗ ಕೂಸು ಇಟ್ಕೊಂಡೈತಲ್ರಿ ಸರ್.”
ಆ ಮಾತನ್ನೇ ಹಿಡಿದೆ. ಜರಿಗಿಡದ ಎಲೆ ಮಗುಚಿ ಕಂದು ಚುಕ್ಕೆ ತೋರಿಸಿದೆ. ಇದಕ್ಕೆ ಹೂವಿಲ್ಲ, ಬೀಜವಿಲ್ಲ, ಆದರೂ ಸಂತಾನವನ್ನೆಲ್ಲ ಉಡಿಯಲ್ಲಿ ಹೊತ್ತಿದೆ, ಆ ಪ್ರಾಣಿಯ ಹಾಗೇ ಇದರ ವಂಶವೂ ಅಳಿಯುತ್ತಿದೆ ಎಂದೆ. ಯಾರೂ ಕೆರೆಯಲಿಲ್ಲ. ಕೈ ಮುಗಿದರು. ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

೧೯ ಆಗಸ್ಟ್
ನಾಲ್ಕೇ ಉಳಿದಿವೆ. ಶ್ರಾವಣ. ಮಕ್ಕಳಾಗದವರಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಜೊತೆ ಇದನ್ನೂ ಹಾಕುತ್ತಿದ್ದಾರೆ. ಬೇರು ಸಮೇತ. ಅನಸವ್ವನನ್ನು ಕೇಳಿದೆ. “ನೀವ ಹೇಳಿದ್ರೆಲ್ರಿ, ಬೀಜ ಇಲ್ದನೂ ಮಕ್ಕಳಾಕ್ಕಾವಂತ.”
ಅವಳ ಕೊಡ ಕಸಿದು ಗೋಡೆಗೆ ಅಪ್ಪಳಿಸಿದೆ. ನಜ್ಜುಗುಜ್ಜು.

೨೩ ಆಗಸ್ಟ್, ಸಂಜೆ
ಒಂದೇ ಇತ್ತು. ಕಾಯುತ್ತ ಕೂತಿದ್ದೆ. ಮಗ್ಗದ ಹಣಮಂತನ ಹೆಂಡತಿ ಶೇವಂತಿ ಬಂದಳು. ಮದುವೆಯಾಗಿ ಒಂಬತ್ತು ವರ್ಷ, ಕೂಸಿಲ್ಲ. ನೋಡನೋಡುತ್ತಲೇ ಕಿತ್ತು ಉಡಿಗೆ ಕಟ್ಟಿಕೊಂಡಳು. ಕೊಡು ಅಂದೆ. “ಕೊಡಂಗಿಲ್ರಿ.” ಕೈಯಲ್ಲಿ ಬಡಿಗೆ ಇತ್ತು... ಹೊಡೆದೆ. ಹೆಗಲಿಗೆ, ಮತ್ತೆ ತಲೆಗೆ. ಉರುಳಿದಳು, ಏಳು ಮೆಟ್ಟಿಲು. ಬೀಳುವಾಗಲೂ ಎರಡೂ ಕೈ ಉಡಿಯ ಮೇಲೆ. ಒಂದು ಕೈ ಊರಿದ್ದರೆ ತಲೆ ಉಳಿಯುತ್ತಿತ್ತು.

೨೪
ಶೇವಂತಿ ಮನೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳಂತೆ. ಮಗ್ಗದವರು ಬಾಗಿಲು ಮುರಿದು ಬಂದರು. ನನ್ನ ಎರಡು ಹಲ್ಲು ಹೋದವು. ಎಡಗಣ್ಣು ತೆರೆಯುತ್ತಿಲ್ಲ. ಹನ್ನೆರಡು ವರ್ಷ ಒಣಗಿಸಿಟ್ಟ ಗಿಡಗಳನ್ನೆಲ್ಲ ಅಂಗಳದಲ್ಲಿ ಸುಟ್ಟರು. ಇನ್ನೂ ಹೊಡೆಯಲಿ ಅನಿಸಿತು.
ಪೊಲೀಸ್ ಫೌಜದಾರರಿಗೆ ಹಣಮಂತ, ಜಾರಿ ಬಿದ್ದಳು ಅಂತ ಹೇಳಿದನಂತೆ. ಯಾಕೋ ತಿಳಿಯಲಿಲ್ಲ.

೨೬, ಮಧ್ಯಾಹ್ನ
ನಾಯಿ ಅಟ್ಟಿಸಿಕೊಂಡು ಬಂದರೆ ಆ ಸಣ್ಣ ಕಾಂಗರೂ ಮರಿಯನ್ನು ಚೀಲದಿಂದ ಬೀಳಿಸಿ, ತಾನು ಓಡಿ ಜೀವ ಉಳಿಸಿಕೊಳ್ಳುತ್ತದೆ. ಇದನ್ನು ಆ ಹೆಂಗಸರಿಗೆ ಹೇಳಿರಲಿಲ್ಲ.
ಶೇವಂತಿ ಬೆಳಿಗ್ಗೆ ತೀರಿಕೊಂಡಳು.
ಹಣಮಂತ ಬಂದ. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಒದ್ದೆ ಬಟ್ಟೆ ಸುತ್ತಿದ ಗಿಡ. “ಆಕಿ ಉಡಿ ಬಿಚ್ಚಿದಾಗ ಸಿಕ್ತರಿ. ಮೊದಲ ಇದನ್ನ ಹಚ್ರಿ. ಜೀವ ಹಿಡಿಯೂತನಕ ನಾ ಇಲ್ಲೇ ಕುಂದರತೇನಿ.”
ಕುಂಡದಲ್ಲಿ ನೆಟ್ಟೆ. ಹೊಸ್ತಿಲ ಮೇಲೆ ಕೂತಿದ್ದಾನೆ, ಗಿಡವನ್ನೇ ನೋಡುತ್ತ. ನೆಡುವಾಗಲೇ ಅದರ ಬೇರು ಪೂರ್ತಿ ಕಪ್ಪಾಗಿ ಸತ್ತಿತ್ತು. ಅವನಿಗೆ ಇನ್ನೂ ಹೇಳಿಲ್ಲ.